ಗ್ಯಾರೇಜಿನಿಂದ ದೂರದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೆಟ್ಟು ನಿಂತಾಗ

ಸೆಕೆಂಡ್ ಹ್ಯಾಂಡ್ ಕಾರಿನ ವಿಷಯದಲ್ಲಿ ನಮಗೆ ಗೊತ್ತಿರುವುದಕ್ಕಿಂತ ಗೊತ್ತಿಲ್ಲದ್ದೇ ಹೆಚ್ಚು. ಹಿಂದಿನ ಮಾಲೀಕರು ಇಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟನ್ನು ಯಾವಾಗ ಬದಲಾಯಿಸಿದ್ದರು, ರೇಡಿಯೇಟರಿಗೆ ಕೂಲೆಂಟ್ ಹಾಕಿಸುತ್ತಿದ್ದರೋ ಬರೀ ನಲ್ಲಿ ನೀರು ಸುರಿಯುತ್ತಿದ್ದರೋ, ಮ್ಯೂಸಿಕ್ ಸಿಸ್ಟಮ್ ಕೂರಿಸಿದವರು ಯಾವ ವೈರನ್ನು ಕತ್ತರಿಸಿ ಎಲ್ಲಿಗೆ ಜೋಡಿಸಿದ್ದಾರೆ ಎಂಬುದೆಲ್ಲ ಸಾಮಾನ್ಯವಾಗಿ ಬಯಲಾಗುವುದು ಕಾರು ಎಲ್ಲೋ ದೂರದಲ್ಲಿ ಕೆಟ್ಟು ನಿಂತ ದಿನ. ಅಂಥ ಹೊತ್ತಿನಲ್ಲಿ ಕಾರಿನಲ್ಲಿ ಇದ್ದ ದೋಷಕ್ಕಿಂತ, ನಿಂತ ಮೇಲಿನ ಹತ್ತು ನಿಮಿಷದಲ್ಲಿ ನಾವು ಮಾಡುವ ಕೆಲಸವೇ ಹೆಚ್ಚಿನ ನಷ್ಟ ತರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಒಡೆದ ಒಂದು ಹೋಸ್ ಪೈಪು ಸಣ್ಣ ಖರ್ಚು. ಅದು ಒಡೆದಿದ್ದರೂ ಹೇಗಾದರೂ ಊರು ಮುಟ್ಟೋಣವೆಂದು ಓಡಿಸಿದರೆ ಇಡೀ ಇಂಜಿನ್ ಬಿಚ್ಚಬೇಕಾಗುತ್ತದೆ. ಆದ್ದರಿಂದ ರಸ್ತೆ ಬದಿಯಲ್ಲಿ ನಾವು ಮಾಡಬೇಕಾದ ಮುಖ್ಯ ಕೆಲಸ ರಿಪೇರಿಯಲ್ಲ, ತೀರ್ಮಾನ. ಇಲ್ಲೇ ಸರಿಪಡಿಸಬಹುದೇ, ನಿಧಾನವಾಗಿ ಓಡಿಸಿಕೊಂಡು ಹೋಗಬಹುದೇ, ಅಥವಾ ಎತ್ತಿಸಿಕೊಂಡೇ ಹೋಗಬೇಕೇ ಎಂಬುದನ್ನು ಸರಿಯಾಗಿ ನಿರ್ಧರಿಸಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಕಾರನ್ನು ಅಂಚಿಗೆ ತರಬೇಕು

ಓಡುತ್ತಿರುವಾಗಲೇ ಇಂಜಿನ್ ನಿಂತುಹೋದರೆ ಸ್ಟೀರಿಂಗ್ ಇದ್ದಕ್ಕಿದ್ದಂತೆ ಬಿಗಿಯಾಗುತ್ತದೆ. ಅದು ಲಾಕ್ ಆಗಿರುವುದಿಲ್ಲ, ಪವರ್ ಸ್ಟೀರಿಂಗಿನ ನೆರವು ತಪ್ಪಿರುತ್ತದೆ ಅಷ್ಟೆ. ಎರಡೂ ಕೈಯಿಂದ ಬಲವಾಗಿ ತಿರುಗಿಸಿದರೆ ತಿರುಗುತ್ತದೆ. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತುವಷ್ಟು ನೆರವು ಮಾತ್ರ ಉಳಿದಿರುತ್ತದೆಯಾದ್ದರಿಂದ ಪೆಡಲನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡದೆ, ಒಂದೇ ಸಲ ಹದವಾಗಿ ಒತ್ತಿ ಹಿಡಿಯಬೇಕು. ಕಾರು ಪೂರ್ತಿ ನಿಲ್ಲುವವರೆಗೆ ಕೀಲಿಯನ್ನು ಹೊರಗೆ ಎಳೆಯಲೇಬಾರದು. ಎಳೆದರೆ ಸ್ಟೀರಿಂಗ್ ನಿಜವಾಗಿಯೂ ಲಾಕ್ ಆಗುತ್ತದೆ.

ತಿರುವಿನಲ್ಲಿ, ಸೇತುವೆಯ ಮೇಲೆ, ಏರು ಮುಗಿಯುವ ಜಾಗದ ಆಚೆ ಬದಿಯಲ್ಲಿ ನಿಲ್ಲಿಸಬೇಡಿ. ಹಿಂದಿನಿಂದ ಬರುವವರಿಗೆ ಅಲ್ಲಿ ಕಾರು ಕಾಣುವುದಿಲ್ಲ. ನಾಲ್ಕೂ ಇಂಡಿಕೇಟರ್ ಮಿನುಗುವಂತೆ ಹಜಾರ್ಡ್ ಲೈಟ್ ಹಾಕಿ, ತ್ರಿಕೋನ ಫಲಕವನ್ನು ಕಾರಿನಿಂದ ಕನಿಷ್ಠ 50 ಮೀಟರು ಹಿಂದೆ, ವಾಹನಗಳು ವೇಗವಾಗಿ ಬರುವ ರಸ್ತೆಯಾದರೆ ಅದಕ್ಕಿಂತಲೂ ದೂರದಲ್ಲಿ ಇಡಿ. ಒಳಗಿದ್ದವರನ್ನೆಲ್ಲ ವಾಹನಗಳು ಓಡಾಡದ ಬದಿಯ ಬಾಗಿಲಿನಿಂದ ಇಳಿಸಿ, ಕಾರಿನಿಂದ ದೂರ, ತಡೆಗೋಡೆಯಿದ್ದರೆ ಅದರ ಆಚೆ ನಿಲ್ಲಿಸಿ. ಮಳೆಯೆಂದೋ ಬಿಸಿಲೆಂದೋ ನಿಂತ ಕಾರಿನೊಳಗೇ ಮಕ್ಕಳನ್ನೂ ವಯಸ್ಸಾದವರನ್ನೂ ಕೂರಿಸಿಡುವುದು ಅವರಿಗೆ ಮಾಡುವ ಉಪಕಾರವಲ್ಲ. ಹಿಂದಿನಿಂದ ಬಂದು ಗುದ್ದುವ ವಾಹನಕ್ಕೆ ನಾವು ಕೆಟ್ಟು ನಿಂತಿದ್ದೇವೆಂಬುದು ಗೊತ್ತಿರುವುದಿಲ್ಲ. ಇಳಿಜಾರಾಗಿದ್ದರೆ ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲುಗಳನ್ನು ತೆಗೆದು ರಸ್ತೆಯಾಚೆ ಹಾಕುವುದನ್ನು ದಯವಿಟ್ಟು ಮರೆಯಬೇಡಿ. ಕತ್ತಲಲ್ಲಿ ಬರುವ ಬೈಕ್ ಸವಾರನಿಗೆ ಅಂಥ ಒಂದು ಕಲ್ಲು ಸಾಕು.

ಬಾನೆಟ್ ಎತ್ತುವ ಮೊದಲು ಬರೆದುಕೊಳ್ಳಿ

ನಿಂತ ಕೂಡಲೇ ಬಾನೆಟ್ ಎತ್ತಿ ಕೈಗೆ ಸಿಕ್ಕ ವೈರನ್ನೆಲ್ಲ ಅಲ್ಲಾಡಿಸುವ ಬದಲು, ರಸ್ತೆಯಿಂದ ದೂರ ಐದು ನಿಮಿಷ ಕುಳಿತು, ನಿಲ್ಲುವುದಕ್ಕೆ ಮುಂಚೆ ಕಾರು ಹೇಗೆ ವರ್ತಿಸಿತು ಎಂಬುದನ್ನು ಫೋನಿನಲ್ಲಿ ಬರೆದುಕೊಳ್ಳಿ. ಯಾವ ದೀಪ ಹೊತ್ತಿತು, ಉಷ್ಣಾಂಶದ ಮುಳ್ಳು ಎಲ್ಲಿತ್ತು, ಶಬ್ದ ಬಂತೇ, ವಾಸನೆ ಬಂತೇ, ಕೊನೆಯ ಸಲ ಎಲ್ಲಿ ಇಂಧನ ತುಂಬಿಸಿದಿರಿ ಎಂಬ ವಿವರಗಳೆಲ್ಲ ಬೇಕು. ಡ್ಯಾಶ್‌ಬೋರ್ಡಿನ ಒಂದು ಫೋಟೋ ತೆಗೆದಿಡಿ. ಸ್ವಿಚ್ ಆರಿಸಿದಂತೆ ಒಂದೇ ಏಟಿಗೆ ನಿಂತಿದ್ದರೆ ದೋಷ ಹೆಚ್ಚಾಗಿ ವಿದ್ಯುತ್ತಿನ ಕಡೆ ಇರುತ್ತದೆ, ಇಲ್ಲವೇ ಟೈಮಿಂಗ್ ಬೆಲ್ಟ್ ತುಂಡಾಗಿರುತ್ತದೆ. ಜಗ್ಗಿ ಜಗ್ಗಿ, ಏರಿನಲ್ಲಿ ಉಸಿರು ಕಟ್ಟಿದಂತೆ ಮಾಡಿ ನಿಂತಿದ್ದರೆ ಇಂಧನದ ಕಡೆ ನೋಡಬೇಕು. ದೂರದಲ್ಲಿರುವ ನಿಮ್ಮ ಮೆಕ್ಯಾನಿಕ್ಕಿಗೆ ‘ಕಾರು ನಿಂತುಹೋಯಿತು’ ಎಂದಷ್ಟೇ ಹೇಳಿದರೆ ಅವರು ಬರುತ್ತೇನೆ ಎನ್ನುವುದನ್ನು ಬಿಟ್ಟು ಬೇರೇನೂ ಹೇಳಲಾರರು. ಈ ವಿವರಗಳನ್ನು ಕೊಟ್ಟರೆ ಫೋನಿನಲ್ಲೇ ಅರ್ಧ ದಾರಿ ತೋರಿಸುತ್ತಾರೆ, ಬರುವಾಗ ಯಾವ ಸಾಮಾನು ತರಬೇಕೆಂಬುದೂ ಅವರಿಗೆ ಗೊತ್ತಾಗುತ್ತದೆ.

ದೀಪಗಳ ಬಣ್ಣಕ್ಕೆ ಅರ್ಥವಿದೆ. ಕೆಂಪು ದೀಪವೆಂದರೆ ನಿಲ್ಲಿಸು ಎಂದು, ಹಳದಿ ದೀಪವೆಂದರೆ ಬೇಗ ತೋರಿಸು ಎಂದು. ಆಯಿಲ್ ಕ್ಯಾನಿನ ಚಿತ್ರವಿರುವ ಕೆಂಪು ದೀಪ ಓಡುವಾಗ ಹೊತ್ತಿದರೆ ಇಂಜಿನ್ನನ್ನು ಆ ಕ್ಷಣವೇ ಆರಿಸಬೇಕು. ಆಯಿಲಿನ ಒತ್ತಡವಿಲ್ಲದೆ ಬೇರಿಂಗುಗಳು ನಿಮಿಷಗಳಲ್ಲಿ ಹಾಳಾಗುತ್ತವೆ. ಆಯಿಲಿನ ಮಟ್ಟ ತೋರಿಸುವ ಕಡ್ಡಿಯನ್ನು, ಅಂದರೆ ಡಿಪ್ ಸ್ಟಿಕ್ಕನ್ನು, ತೆಗೆದು ನೋಡಿ ಆಯಿಲ್ ಕಡಿಮೆಯಿದ್ದರೆ ತುಂಬಿಸಿ. ತುಂಬಿದ ಮೇಲೂ ದೀಪ ಆರದಿದ್ದರೆ ಮುಂದೆ ಓಡಿಸುವ ಮಾತೇ ಇಲ್ಲ. ಹಳದಿ ಬಣ್ಣದ ಇಂಜಿನ್ ದೀಪ ಒಂದೇ ಸಮನೆ ಹೊತ್ತಿದ್ದು, ಕಾರು ಎಂದಿನಂತೆಯೇ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜು ತಲುಪಬಹುದು. ಅದೇ ದೀಪ ಮಿನುಗುತ್ತಿದ್ದರೆ ಇಂಜಿನ್ ಮಿಸ್ ಹೊಡೆಯುತ್ತಿದೆ, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ; ಉರಿಯದ ಪೆಟ್ರೋಲು ಸೈಲೆನ್ಸರ್ ಕಡೆಗೆ ಹೋಗಿ, ಹೊಗೆಯನ್ನು ಶುದ್ಧಗೊಳಿಸುವ, ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡುತ್ತದೆ.

ಬ್ಯಾಟರಿಯ ಕೆಂಪು ದೀಪದ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಇಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿಲ್ಲ ಎಂದಷ್ಟೇ ಅದು ಹೇಳುತ್ತದೆ, ಆದರೆ ಹಲವು ಇಂಜಿನ್‌ಗಳಲ್ಲಿ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟೇ ಕೂಲೆಂಟನ್ನು ಇಂಜಿನ್ನಿನಲ್ಲಿ ಸುತ್ತಿಸುವ ವಾಟರ್ ಪಂಪನ್ನೂ ತಿರುಗಿಸುತ್ತದೆ. ಆದ್ದರಿಂದ ಆ ದೀಪ ಹೊತ್ತಿದಾಗ ಮೊದಲು ಇಳಿದು ಬೆಲ್ಟ್ ಇದೆಯೇ ಎಂದು ನೋಡಬೇಕು. ಬೆಲ್ಟ್ ಇದ್ದು ಉಷ್ಣಾಂಶವೂ ಸರಿಯಿದ್ದರೆ, ಏ.ಸಿ. ಮತ್ತು ಮ್ಯೂಸಿಕ್ ಸಿಸ್ಟಮ್ ಆರಿಸಿ, ಹಗಲಾದರೆ ಹೆಡ್‌ಲೈಟನ್ನೂ ಆರಿಸಿ, ಎಲ್ಲಿಯೂ ಇಂಜಿನ್ ಆಫ್ ಮಾಡದೆ ಹತ್ತಿರದ ಗ್ಯಾರೇಜಿನವರೆಗೆ ಹೋಗಬಹುದು. ಬೆಲ್ಟ್ ತುಂಡಾಗಿದ್ದರೆ ಹೋಗಬಾರದು.

ಸೆಲ್ಫ್ ಹೊಡೆದಾಗ ಬರುವ ಶಬ್ದ

ಸ್ಟಾರ್ಟ್ ಆಗದ ಕಾರಿನ ಕಾಯಿಲೆಯನ್ನು ತಿಳಿಯಲು ಕಿವಿಗಿಂತ ದೊಡ್ಡ ಸಲಕರಣೆ ಇಲ್ಲ. ಕೀಲಿ ತಿರುಗಿಸಿದಾಗ ಏನೂ ಸದ್ದಿಲ್ಲದೆ ದೀಪಗಳೆಲ್ಲ ಮಂಕಾದರೆ, ಅಥವಾ ಟಿಕ್ ಟಿಕ್ ಟಿಕ್ ಎಂದು ಒಂದೇ ಸಮನೆ ಬಡಿದುಕೊಂಡರೆ, ಬ್ಯಾಟರಿ ಇಳಿದಿದೆ ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿದೆ. ಟರ್ಮಿನಲ್ಲನ್ನು ಕೈಯಿಂದ ತಿರುವಿ ನೋಡಿ. ಅದು ಕೈಗೆ ತಿರುಗಿದರೆ ದೋಷ ಅಲ್ಲೇ ಇದೆ. ಬಿಳಿ ಅಥವಾ ಹಸಿರು ಬಣ್ಣದ ಪುಡಿ ಕಟ್ಟಿದ್ದರೆ ಮೊದಲು ಮೈನಸ್ ಕಡೆಯದನ್ನು, ಆಮೇಲೆ ಪ್ಲಸ್ ಕಡೆಯದನ್ನು ಬಿಚ್ಚಿ, ಕೆರೆದು, ಪ್ಲಸ್ ಮೊದಲು ಹಾಕಿ ಮೈನಸ್ ಕೊನೆಗೆ ಬಿಗಿ ಮಾಡಿ. ಸಣ್ಣ ಮಲ್ಟಿಮೀಟರ್ ಒಂದಿದ್ದರೆ ಊಹೆಯ ಅಗತ್ಯವೇ ಇಲ್ಲ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಬರಬೇಕು, ಬರದಿದ್ದರೆ ಆಲ್ಟರ್ನೇಟರ್ ಕಡೆ ನೋಡಬೇಕು.

ಬೇರೆ ಕಾರಿನ ಬ್ಯಾಟರಿಯಿಂದ ಜಂಪ್ ಸ್ಟಾರ್ಟ್ ಮಾಡುವಾಗ ಕೇಬಲ್ ಜೋಡಿಸುವ ಕ್ರಮ ತಪ್ಪಬಾರದು. ಕೆಂಪು ಕೇಬಲಿನ ಒಂದು ತುದಿ ಇಳಿದ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಕಪ್ಪು ಕೇಬಲಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ. ಕಪ್ಪು ಕೇಬಲಿನ ಕೊನೆಯ ತುದಿಯನ್ನು ಇಳಿದ ಬ್ಯಾಟರಿಗೆ ಕೊಡದೆ, ಕೆಟ್ಟ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ದಪ್ಪ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ಸಾಧ್ಯವಾದಷ್ಟು ದೂರದಲ್ಲಿ ಕಚ್ಚಿಸಬೇಕು. ಆ ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದು ಸಹಜ, ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಅನಿಲ ಆ ಕಿಡಿಗೆ ಹತ್ತಿಕೊಳ್ಳಬಲ್ಲದು. ಬ್ಯಾಟರಿ ಉಬ್ಬಿದ್ದರೆ, ಒಡೆದಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಜಂಪ್ ಸ್ಟಾರ್ಟಿನ ಪ್ರಯತ್ನವನ್ನೇ ಮಾಡಬೇಡಿ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹತ್ತುವುದಿಲ್ಲ ಎಂದಾದರೆ ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಅಥವಾ ಬೀಗದ ಗುರುತಿನ ದೀಪ ಮಿನುಗುತ್ತಿದೆಯೇ ನೋಡಿ. ಮಿನುಗುತ್ತಿದ್ದರೆ ಕಳ್ಳತನ ತಡೆಯುವ ಸಾಧನವಾದ ಇಮ್ಮೊಬಿಲೈಸರ್ ನಿಮ್ಮ ಕೀಲಿಯನ್ನು ಗುರುತಿಸುತ್ತಿಲ್ಲ. ಎರಡನೇ ಕೀಲಿಯನ್ನು ಹಾಕಿ ನೋಡಬೇಕು. ಕಾರು ಕೊಳ್ಳುವಾಗ ಎರಡೂ ಕೀಲಿಗಳನ್ನು ಕೇಳಿ ಪಡೆಯಬೇಕೆನ್ನುವುದು ಇದಕ್ಕೇ. ಪೆಟ್ರೋಲ್ ಕಾರಾದರೆ, ಸೆಲ್ಫ್ ಹೊಡೆಯದೆ ಕೀಲಿಯನ್ನು ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ‘ಗುಂಯ್’ ಎಂಬ ಸಣ್ಣ ಸದ್ದು ಬರಬೇಕು, ಅದು ಫ್ಯೂಯಲ್ ಪಂಪು. ಸದ್ದಿಲ್ಲದಿದ್ದರೆ ಫ್ಯೂಸ್ ಪೆಟ್ಟಿಗೆ ತೆರೆಯಿರಿ. ಕೆಂಪು ಫ್ಯೂಸ್ 10 ಆಂಪಿಯರಿನದು, ನೀಲಿ 15, ಹಳದಿ 20, ಹಸಿರು 30; ಸುಟ್ಟದ್ದನ್ನು ಅದೇ ಬಣ್ಣದ್ದರಿಂದಲೇ ಬದಲಾಯಿಸಬೇಕು. ತಂತಿ ಸುತ್ತುವುದು, ಬೆಳ್ಳಿ ಕಾಗದ ತುರುಕುವುದು ಕಾರಿಗೆ ಬೆಂಕಿ ಹಚ್ಚುವ ದಾರಿ. ಫ್ಯೂಸ್ ಸರಿಯಿದ್ದರೆ ಮುಂದೆ ನೋಡಬೇಕಾದ್ದು ರಿಲೇ, ಅಂದರೆ ವಿದ್ಯುತ್ತಿನಿಂದ ನಡೆಯುವ ಸಣ್ಣ ಸ್ವಿಚ್ಚು. ಎಷ್ಟೋ ಕಾರುಗಳಲ್ಲಿ ಹಾರ್ನಿನ ರಿಲೇ ಮತ್ತು ಫ್ಯೂಯಲ್ ಪಂಪಿನ ರಿಲೇ ಒಂದೇ ಬಗೆಯವು. ಮೇಲೆ ಅಚ್ಚಾದ ಸಂಖ್ಯೆಯೂ ಕಾಲುಗಳ ಜೋಡಣೆಯೂ ಒಂದೇ ಆಗಿದ್ದರೆ, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿ ನೋಡಬಹುದು. ಹಾರ್ನ್ ಹೋಗಿ ಇಂಜಿನ್ ಸ್ಟಾರ್ಟ್ ಆದರೆ ಗ್ಯಾರೇಜಿನವರೆಗಾದರೂ ಎಚ್ಚರಿಕೆಯಿಂದ ಹೋಗಬಹುದು. ಇಷ್ಟೆಲ್ಲ ನೋಡುವ ಮೊದಲು ಟ್ಯಾಂಕಿನಲ್ಲಿ ಇಂಧನ ಇದೆಯೇ ಎಂದೂ ಸಂದೇಹಿಸಬೇಕು. ಹಳೆಯ ಕಾರಿನಲ್ಲಿ ಮುಳ್ಳು ಕಾಲು ಟ್ಯಾಂಕ್ ಎಂದು ತೋರಿಸುತ್ತಲೇ ಇಂಧನ ಮುಗಿದಿರುವುದುಂಟು.

ಬಿಸಿಯಾದಾಗ ನಿಂತು, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುವ ಕಾರಿನಲ್ಲಿ, ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿನ ಮೇಲೆ ಅನುಮಾನ ಪಡಬೇಕು. ಹೀಗೆ ಸ್ಟಾರ್ಟ್ ಆದ ಕಾರನ್ನು ಸರಿಹೋಯಿತೆಂದು ನಂಬಿ ದೂರದ ಪ್ರಯಾಣ ಮುಂದುವರಿಸಬೇಡಿ. ಮತ್ತೆ ಬಿಸಿಯಾದಾಗ ಮತ್ತೆ ನಿಲ್ಲುತ್ತದೆ, ಆಗ ಅಂಚಿಗೆ ತರುವಷ್ಟು ಜಾಗ ಸಿಗುತ್ತದೆಂಬ ಭರವಸೆಯಿಲ್ಲ. ಡೀಸೆಲ್ ಕಾರು ಟ್ಯಾಂಕ್ ಖಾಲಿಯಾಗಿ ನಿಂತಿದ್ದರೆ ಡೀಸೆಲ್ ಹಾಕಿದ ಮಾತ್ರಕ್ಕೆ ಹತ್ತುವುದಿಲ್ಲ, ಪೈಪಿನಲ್ಲಿ ಏರ್ ಲಾಕ್ ಆಗಿರುತ್ತದೆ. ಫಿಲ್ಟರಿನ ಬಳಿ ಕೈ ಪಂಪ್ ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆಯಬೇಕು. ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವ ಕಾಮನ್ ರೈಲ್ ಇಂಜಿನ್ನಿನಲ್ಲಿ ಇಂಜೆಕ್ಟರಿನ ಪೈಪುಗಳನ್ನು ಮಾತ್ರ ಯಾರೂ ಸಡಿಲಿಸಬಾರದು; ಅಲ್ಲಿನ ಒತ್ತಡ 1000 ಬಾರ್ ಮೀರುತ್ತದೆ, ಚಿಮ್ಮಿದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ.

ಇನ್ನೊಂದು ಶಬ್ದವನ್ನು ಗುರುತು ಹಿಡಿಯಲು ಕಲಿಯಬೇಕು. ಸೆಲ್ಫ್ ಎಂದಿಗಿಂತ ಹಗುರವಾಗಿ, ಯಾವ ತಡೆಯೂ ಇಲ್ಲದಂತೆ ಸರಸರನೆ ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಹಲವು ಇಂಜಿನ್‌ಗಳಲ್ಲಿ ಬೆಲ್ಟ್ ಹೋದ ಮೇಲೆ ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವುಗಳಿಗೆ ಬಡಿಯುತ್ತದೆ. ನೀವು ಹೊಡೆಯುವ ಒಂದೊಂದು ಸೆಲ್ಫೂ ಇನ್ನಷ್ಟು ವಾಲ್ವುಗಳನ್ನು ಬಗ್ಗಿಸಬಹುದು. ಅಲ್ಲಿಗೆ ಕೈಬಿಡಿ, ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಬೇರೆ ಯಾವ ಸಂದರ್ಭದಲ್ಲಾದರೂ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಅರ್ಧ ನಿಮಿಷ ಬಿಡಿ. ಬ್ಯಾಟರಿ ಮಾತ್ರ ಇಳಿದಿರುವ ಗೇರಿನ ಕಾರನ್ನು ಕೀಲಿ ಆನ್ ಮಾಡಿ, ಎರಡನೇ ಗೇರಿನಲ್ಲಿ ಕ್ಲಚ್ ಒತ್ತಿ ಹಿಡಿದು, ತಳ್ಳಿ ವೇಗ ಬಂದ ಮೇಲೆ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡಬಹುದು. ಆಟೋಮ್ಯಾಟಿಕ್ ಕಾರಿಗೆ ಈ ಉಪಾಯ ನಡೆಯುವುದಿಲ್ಲ.

ಮುಳ್ಳು ಇಳಿದರೆ ಬಿಸಿ ಇಳಿಯಿತೆಂದಲ್ಲ

ನಾನು ಕೊಂಡ ಒಂದು ಸೆಕೆಂಡ್ ಹ್ಯಾಂಡ್ ಕಾರು ಏರು ರಸ್ತೆಯಲ್ಲಿ ಬಿಸಿಯಾಗತೊಡಗಿತು. ಮುಳ್ಳು ಕೆಂಪು ಗೆರೆಯ ಹತ್ತಿರ ಹೋದದ್ದನ್ನು ನೋಡಿ ವೇಗ ತಗ್ಗಿಸಿದೆ. ಸ್ವಲ್ಪ ಹೊತ್ತಿಗೆ ಮುಳ್ಳು ಸರಕ್ಕನೆ ಅರ್ಧಕ್ಕಿಂತ ಕೆಳಗಿಳಿಯಿತು. ತಣ್ಣಗಾಯಿತೆಂದು ಸಮಾಧಾನಪಟ್ಟು ಇನ್ನೂ ಕೆಲವು ಕಿಲೋಮೀಟರು ಓಡಿಸಿದೆ. ಇಂಜಿನ್ ಬಲ ಕಳೆದುಕೊಂಡು ತಾನಾಗಿಯೇ ನಿಂತಿತು. ಬಾನೆಟ್ ಎತ್ತಿದರೆ ಕೆಳಗಿನ ಹೋಸ್ ಪೈಪಿಗೆ ಕ್ಲಾಂಪೇ ಇರಲಿಲ್ಲ. ಹಿಂದೆ ಯಾರೋ ತಂತಿ ಸುತ್ತಿ ಬಿಗಿದಿದ್ದರು, ಆ ತಂತಿಯ ತುದಿ ರಬ್ಬರನ್ನು ಕೊರೆದು ಕೊರೆದು ಉಗುರಿನಷ್ಟು ಉದ್ದದ ಸೀಳು ಮಾಡಿತ್ತು. ನೀರೆಲ್ಲ ಅಲ್ಲಿಂದ ಹೋಗಿತ್ತು. ಉಷ್ಣಾಂಶದ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ಕೂಲೆಂಟ್ ಬರಿದಾದ ಮೇಲೆ ಅದು ಕಡಿಮೆ ಉಷ್ಣಾಂಶವನ್ನು ತೋರಿಸಬಹುದು. ನಾನು ಯಾವುದನ್ನು ನೋಡಿ ಸಮಾಧಾನಪಟ್ಟೆನೋ ಅದೇ ಇಂಜಿನ್ ಒಣಗಿದ್ದಕ್ಕೆ ಸಾಕ್ಷಿಯಾಗಿತ್ತು. ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗಿತ್ತು. ಮೊದಲ ಸಲ ಮುಳ್ಳು ಮೇಲೆ ಹೋದಾಗಲೇ ನಿಲ್ಲಿಸಿದ್ದರೆ ಒಂದು ಪೈಪು, ಎರಡು ಕ್ಲಾಂಪು, ಒಂದಿಷ್ಟು ಕೂಲೆಂಟಿನಲ್ಲಿ ಕೆಲಸ ಮುಗಿಯುತ್ತಿತ್ತು.

ಆದ್ದರಿಂದ ಮುಳ್ಳು ಏರಿದ ಕೂಡಲೇ ಏ.ಸಿ. ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಫ್ಯಾನ್ ಜೋರು ಮಾಡಿ. ಒಳಗೆ ಕೂತವರಿಗೆ ಕಷ್ಟವಾದರೂ ಇಂಜಿನ್ನಿನ ಬಿಸಿಯಲ್ಲಿ ಒಂದು ಪಾಲು ಆ ದಾರಿಯಿಂದ ಹೊರಗೆ ಹೋಗುತ್ತದೆ. ನಿಲ್ಲಿಸಲು ಜಾಗ ಸಿಕ್ಕಿದ ತಕ್ಷಣ ನಿಲ್ಲಿಸಿ ಇಂಜಿನ್ ಆರಿಸಿ. ರೇಡಿಯೇಟರಿನ ಮುಚ್ಚಳವನ್ನು ಕನಿಷ್ಠ ಅರ್ಧ ಗಂಟೆ ಮುಟ್ಟಬೇಡಿ. ಮುಚ್ಚಳದೊಳಗೆ ಸುಮಾರು 1 ಬಾರ್ ಒತ್ತಡವಿರುವುದರಿಂದ ನೀರು 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೂ ಕುದಿಯದೆ ದ್ರವವಾಗಿಯೇ ಉಳಿದಿರುತ್ತದೆ, ಮುಚ್ಚಳ ತೆಗೆದ ಕ್ಷಣ ಅದೆಲ್ಲ ಒಮ್ಮೆಲೇ ಕುದಿದು ಮುಖದ ಮೇಲೆ ಚಿಮ್ಮುತ್ತದೆ. ಇಂಜಿನ್ ಆರಿಸಿದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗತೊಡಗಬಹುದು, ಅಲ್ಲಿಗೆ ಕೈ ಹಾಕಬೇಡಿ. ಕಾದ ಇಂಜಿನ್ನಿಗೆ ತಣ್ಣೀರು ಹೊಯ್ಯುವುದೂ ತಪ್ಪು, ಲೋಹ ಬಿರುಕು ಬಿಡಬಹುದು.

ಪೂರ್ತಿ ತಣ್ಣಗಾದ ಮೇಲೆ, ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ, ನೀರು ತುಂಬಿಸಿ, ಎಲ್ಲಿಂದ ಸೋರುತ್ತದೆ ಎಂದು ನೋಡಿ. ಪೈಪಿನ ತುದಿಯಲ್ಲೇ ಸೀಳಿದ್ದರೆ ಅಷ್ಟು ಭಾಗವನ್ನು ಕತ್ತರಿಸಿ, ಉಳಿದ ಪೈಪನ್ನು ಎಳೆದು ಕ್ಲಾಂಪ್ ಬಿಗಿಯಬಹುದು. ಸೋರಿಕೆಯೇ ಇಲ್ಲದೆ ಫ್ಯಾನ್ ಮಾತ್ರ ತಿರುಗುತ್ತಿಲ್ಲವಾದರೆ ಅದರ ಫ್ಯೂಸ್, ರಿಲೇ ನೋಡಿ. ಖಾಲಿ ರಸ್ತೆಯಲ್ಲಿ ಓಡುವಾಗ ಎದುರು ಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ, ತೊಂದರೆಯಾಗುವುದು ನಿಂತು ನಿಂತು ಸಾಗುವ ದಟ್ಟಣೆಯಲ್ಲಿ. ಆದರೆ ಆಯಿಲ್ ಹಾಲು ಬೆರೆತಂತೆ ಬಿಳಿಚಿಕೊಂಡಿದ್ದರೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಿಡದೆ ಬರುತ್ತಿದ್ದರೆ ಸಿಲಿಂಡರ್ ಹೆಡ್ಡಿನ ಕೆಳಗಿನ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ತಿಳಿದು, ಮತ್ತೆ ಸ್ಟಾರ್ಟ್ ಮಾಡದೆ ಎತ್ತಿಸಿಕೊಂಡು ಹೋಗಿ.

ಸ್ಟೆಪ್ನಿಯ ಸಂಗತಿ

ಪಂಕ್ಚರ್ ಹೆಚ್ಚಿನವರಿಗೆ ಗೊತ್ತಿರುವ ಕೆಲಸ. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಬೇಕು, ಜಾಕನ್ನು ಬಾಗಿಲಿನ ಕೆಳಗೆ ಗುರುತು ಮಾಡಿದ ಜಾಗಕ್ಕೇ ಕೊಡಬೇಕು, ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು, ಹೊಸ ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿದು ಸುಮಾರು 50 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ತೊಡಕು ಬೇರೆ ಕಡೆ ಇರುತ್ತದೆ. ಹಿಂದಿನವರು ಅಲಾಯ್ ಚಕ್ರ ಹಾಕಿಸಿ ಸ್ಟೆಪ್ನಿಯನ್ನು ಉಕ್ಕಿನದೇ ಬಿಟ್ಟಿದ್ದರೆ ಅಲಾಯಿನ ನಟ್ಟು ಅದಕ್ಕೆ ಸರಿಯಾಗಿ ಕೂರದಿರಬಹುದು. ಕಳವಾಗದಂತೆ ಒಂದು ಚಕ್ರಕ್ಕೆ ಒಂದು ಲಾಕ್ ನಟ್ ಹಾಕಿಸಿದ್ದರೆ, ಅದನ್ನು ಬಿಚ್ಚುವ ಚಿಕ್ಕ ಕೀಲಿ ಅವರ ಮನೆಯಲ್ಲೇ ಉಳಿದಿರಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ; 2314 ಎಂದಿದ್ದರೆ ಅದು 2014ರ 23ನೇ ವಾರದ ಟೈರು. ನೋಡಲು ಹೊಸದಾಗಿದ್ದರೂ ಅಷ್ಟು ಹಳೆಯ ರಬ್ಬರನ್ನು ನಂಬಿ ವೇಗವಾಗಿ ಓಡಿಸಬಾರದು. ಸಪೂರವಾದ ತಾತ್ಕಾಲಿಕ ಸ್ಟೆಪ್ನಿಯಾದರೆ ಗಂಟೆಗೆ 80 ಕಿಲೋಮೀಟರು ಮೀರಬಾರದು, ಅದರಲ್ಲಿ ಗಾಳಿಯೂ ಸಾಮಾನ್ಯ ಟೈರಿಗಿಂತ ಬಹಳ ಹೆಚ್ಚು, ಹೆಚ್ಚಿನವುಗಳಲ್ಲಿ 60 ಪಿ.ಎಸ್.ಐ., ಇರಬೇಕು.

ಎತ್ತಿಸಿಕೊಂಡು ಹೋಗುವಾಗ

ಬ್ರೇಕ್ ಪೆಡಲ್ ನೆಲ ಮುಟ್ಟುತ್ತಿದ್ದರೆ, ಸ್ಟೀರಿಂಗಿನಲ್ಲಿ ಸಡಿಲ ಕಂಡರೆ, ಪೆಟ್ರೋಲ್ ವಾಸನೆ ಬರುತ್ತಿದ್ದರೆ, ಆಯಿಲ್ ಅಥವಾ ಕೂಲೆಂಟ್ ನಿಲ್ಲದೆ ಸೋರುತ್ತಿದ್ದರೆ ಎತ್ತಿಸುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಕಾರು ಪೂರ್ತಿಯಾಗಿ ಮೇಲೆ ಕೂರುವ ಗಾಡಿಯನ್ನೇ ಕೇಳಿ. ಆಟೋಮ್ಯಾಟಿಕ್ ಕಾರನ್ನು ಅದರ ಇಂಜಿನ್ ತಿರುಗಿಸುವ ಚಕ್ರಗಳು ನೆಲಕ್ಕೆ ತಾಗಿರುವಂತೆ ಎಳೆದರೆ ಗೇರ್ ಬಾಕ್ಸಿಗೆ ಆಯಿಲ್ ಸಿಗದೆ ಹಾಳಾಗುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರನ್ನು ಎರಡು ಚಕ್ರ ಎತ್ತಿ ಎಳೆಯುವುದೂ ಸರಿಯಲ್ಲ. ಹಗ್ಗ ಕಟ್ಟಿ ಎಳೆಯುವ ಕೆಲಸವನ್ನು ನಾನು ಯಾರಿಗೂ ಹೇಳುವುದಿಲ್ಲ, ಹಿಂದಿನ ಕಾರಿನಲ್ಲಿ ಬ್ರೇಕಿಗೂ ಸ್ಟೀರಿಂಗಿಗೂ ಇಂಜಿನ್ನಿನ ನೆರವಿರುವುದಿಲ್ಲ. ಗಾಡಿಗೆ ಹತ್ತಿಸುವ ಮೊದಲು ಕಾರಿನ ನಾಲ್ಕೂ ಬದಿಯ ಮತ್ತು ಓಡೋಮೀಟರಿನ ಫೋಟೋ ತೆಗೆದು, ದಾಖಲೆಗಳನ್ನೂ ಬೆಲೆಬಾಳುವ ವಸ್ತುಗಳನ್ನೂ ನೀವೇ ಇಟ್ಟುಕೊಳ್ಳಿ.

ಪರಿಚಯವಿಲ್ಲದ ಮೆಕ್ಯಾನಿಕ್ ಸಿಕ್ಕಿದಾಗ ಅವರನ್ನು ಅನುಮಾನದಿಂದಲೇ ನೋಡಬೇಕಾಗಿಲ್ಲ. ರಸ್ತೆ ಬದಿಯ ಸಣ್ಣ ಅಂಗಡಿಯವರಲ್ಲಿ ಎಷ್ಟೋ ಜನ ದೊಡ್ಡ ಅನುಭವಿಗಳು. ಆದರೆ ಬೆಲ್ಟು, ಪೈಪು, ಬ್ಯಾಟರಿ, ಫ್ಯೂಸು, ಕ್ಲಚ್ ಕೇಬಲ್ಲಿನಂಥ ಮೇಲುಮೇಲಿನ ಕೆಲಸವನ್ನು ಮಾತ್ರ ಅಲ್ಲಿ ಮಾಡಿಸಿ. ಇಂಜಿನ್ ಅಥವಾ ಗೇರ್ ಬಾಕ್ಸ್ ಬಿಚ್ಚಬೇಕೆಂದರೆ ಕೈಮುಗಿದು ಬೇಡವೆನ್ನಿ. ಬಿಚ್ಚಿದ ಕಾರನ್ನು ಇನ್ನೊಬ್ಬರು ಸರಿಮಾಡಲು ಒಪ್ಪುವುದು ಕಷ್ಟ. ಕೂಲಿಯನ್ನು ಮೊದಲೇ ಮಾತಾಡಿಕೊಂಡು, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆದು ಡಿಕ್ಕಿಯಲ್ಲಿಟ್ಟುಕೊಳ್ಳಿ. ನಿಮ್ಮ ಸ್ವಂತ ಮೆಕ್ಯಾನಿಕ್ಕಿಗೆ ಅದನ್ನು ತೋರಿಸಿದರೆ ಯಾಕೆ ಕೆಟ್ಟಿತೆಂಬುದು ತಿಳಿಯುತ್ತದೆ.

ಕೊಂಡ ವಾರದಲ್ಲೇ ಮಾಡಬೇಕಾದ್ದು

ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗದಿರಲು, ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬಂದ ವಾರದಲ್ಲೇ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಸಮತಟ್ಟಾದ ಜಾಗದಲ್ಲಿ ಕಾರಿನ ಜಾಕು, ಕಾರಿನ ಸ್ಪ್ಯಾನರಿನಿಂದಲೇ ಒಂದು ಚಕ್ರವನ್ನು ಬಿಚ್ಚಿ ಸ್ಟೆಪ್ನಿ ಹಾಕಿ ನೋಡಿ. ಏನೇನು ಕಾಣೆಯಾಗಿದೆ, ಏನು ತುಕ್ಕು ಹಿಡಿದಿದೆ ಎಂಬುದು ಆಗ ಗೊತ್ತಾಗುತ್ತದೆ. ಹೋಸ್ ಪೈಪುಗಳನ್ನು ಬೆರಳಿನಿಂದ ಹಿಸುಕಿ, ಉಬ್ಬಿದ್ದನ್ನೂ ಬಿರುಕು ಬಿಟ್ಟದ್ದನ್ನೂ ಬದಲಾಯಿಸಿ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆಗಿದ್ದು, ಅದನ್ನು ಬದಲಾಯಿಸಿದ ಬಿಲ್ ಕಣ್ಣಿಗೆ ಕಾಣದಿದ್ದರೆ ಯಾರ ಮಾತನ್ನೂ ನಂಬದೆ ಹೊಸದು ಹಾಕಿಸಿ. ಡಿಕ್ಕಿಯಲ್ಲಿ ಜಂಪರ್ ಕೇಬಲ್, ಟಾರ್ಚ್, ತ್ರಿಕೋನ ಫಲಕ, ಐದು ಲೀಟರ್ ನೀರು, ಒಂದು ಲೀಟರ್ ಆಯಿಲ್, ಎರಡು ಅಳತೆಯ ಕ್ಲಾಂಪ್, ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್, ಫ್ಯೂಸುಗಳು, ಕೈಗವಸು, ಫೋನ್ ಚಾರ್ಜ್ ಮಾಡುವ ಪವರ್ ಬ್ಯಾಂಕ್ ಇರಲಿ.

ಕಾರು ಗ್ಯಾರೇಜಿನಿಂದ ವಾಪಸ್ ಬಂದ ದಿನ, ಏನು ಕೆಟ್ಟಿತ್ತು, ಯಾಕೆ ಕೆಟ್ಟಿತು, ಏನು ಬದಲಾಯಿಸಿದರು, ಆಗ ಎಷ್ಟು ಕಿಲೋಮೀಟರು ಓಡಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಬಿಲ್ಲನ್ನು ಅದರೊಳಗೆ ಅಂಟಿಸಿ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿಡಿ. ಮುಂದೊಂದು ದಿನ ಕಾರನ್ನು ಮಾರುವಾಗ ಎರಡು ಕೀಲಿ, ಲಾಕ್ ನಟ್ಟಿನ ಚಿಕ್ಕ ಕೀಲಿ, ಆ ಪುಸ್ತಕ, ಇಷ್ಟನ್ನೂ ಕೊಳ್ಳುವವರ ಕೈಗೆ ಒಟ್ಟಿಗೇ ಕೊಡಿ.